ವಿಶಿಷ್ಟ ಮಕ್ಕಳ ಶಿಕ್ಷಣ

ಎಲ್ಲರಿಗೂ ಒಂದೇ ಎಂದು ರೂಪಿಸಿದ ಪಾಠ, ವೇಗ ಮತ್ತು ಪರೀಕ್ಷೆಗೆ ಹೊಂದದೆ, ಕಲಿಯಲು ಬೇರೆ ವಿಧಾನವೋ ಸಲಕರಣೆಯೋ ಹೆಚ್ಚಿನ ನೆರವೋ ಬೇಕಾಗುವ ಮಕ್ಕಳನ್ನು ಶಿಕ್ಷಣಶಾಸ್ತ್ರದಲ್ಲಿ ವಿಶಿಷ್ಟ ಮಕ್ಕಳು ಎಂದು ಕರೆಯುವುದು ರೂಢಿ. ದೃಷ್ಟಿ, ಶ್ರವಣ, ಚಲನೆ, ಬುದ್ಧಿಶಕ್ತಿ, ಸಂವಹನ ಅಥವಾ ವರ್ತನೆಯಲ್ಲಿ ತೊಡಕಿರುವವರು, ಬುದ್ಧಿ ಚುರುಕಾಗಿದ್ದೂ ಓದುಬರಹ ಮಾತ್ರ ಕೈಗೆ ಹತ್ತದವರು, ವಯಸ್ಸಿಗೆ ಮೀರಿದ ಪ್ರತಿಭೆಯುಳ್ಳವರು, ಹೀಗೆ ಹಲವು ಬಗೆಯವರು ಈ ಹೆಸರಿನಡಿ ಬರುತ್ತಾರೆ. ಪ್ರತಿಭಾವಂತರೂ ಈ ಪಟ್ಟಿಯಲ್ಲಿರುವುದು ವಿಚಿತ್ರವಾಗಿ ಕಾಣಬಹುದು. ಆದರೆ ಮೂರನೆಯ ತರಗತಿಯಲ್ಲಿ ಕುಳಿತು ಏಳನೆಯ ತರಗತಿಯ ಲೆಕ್ಕ ಮಾಡಬಲ್ಲ ಮಗುವಿಗೂ ಆ ತರಗತಿ ಅಳತೆ ತಪ್ಪಿದ ಅಂಗಿಯೇ.

ಇಲ್ಲಿ ನ್ಯೂನತೆ ಮತ್ತು ಅಡಚಣೆ ಎಂಬ ಎರಡನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ. ಕಣ್ಣು ಕಾಣದಿರುವುದು ನ್ಯೂನತೆ; ಅಚ್ಚಾದ ಪುಸ್ತಕವೊಂದೇ ಕೈಗೆ ಸಿಗುವುದು ಅಡಚಣೆ. ಬ್ರೈಲ್ ಪುಸ್ತಕ ಕೊಟ್ಟರೆ ಕಣ್ಣು ಬರುವುದಿಲ್ಲ, ಓದು ಬರುತ್ತದೆ. ವೈದ್ಯರ ಕೆಲಸ ಬಹುಮಟ್ಟಿಗೆ ಮೊದಲನೆಯದರ ಮೇಲೆ, ಶಿಕ್ಷಕರ ಕೆಲಸ ಎರಡನೆಯದರ ಮೇಲೆ. ಈ ಮಕ್ಕಳನ್ನು ಕುರಿತ ಪದಗಳೂ ಕಾಲಕಾಲಕ್ಕೆ ಬದಲಾಗಿವೆ. ‘ಅಂಗವಿಕಲ’ ಎಂಬುದರ ಬದಲು ಕರ್ನಾಟಕ ಸರ್ಕಾರ ‘ವಿಕಲಚೇತನ’ ಎಂಬ ಮಾತನ್ನು ಬಳಸುತ್ತದೆ. ಪತ್ರಿಕೆಗಳಲ್ಲಿ ‘ವಿಶೇಷಚೇತನ’ವೂ ಕೇಂದ್ರದ ಕಡತಗಳಲ್ಲಿ ‘ದಿವ್ಯಾಂಗ’ವೂ ಚಾಲ್ತಿಯಲ್ಲಿವೆ. ‘ಬುದ್ಧಿಮಾಂದ್ಯ’ ಹೋಗಿ ‘ಬೌದ್ಧಿಕ ಅಸಾಮರ್ಥ್ಯ’ ಬಂದಿದೆ. ಹೆಸರು ಬದಲಾದಷ್ಟು ಬೇಗ ತರಗತಿಗಳು ಬದಲಾಗಿಲ್ಲವೆಂಬುದನ್ನೂ ಹೇಳಬೇಕು.

ಚರಿತ್ರೆ

ಸಂಘಟಿತ ಪ್ರಯತ್ನ ಮೊದಲಾದದ್ದು 18ನೆಯ ಶತಮಾನದ ಯುರೋಪಿನಲ್ಲಿ, ಅದೂ ಕಿವುಡ ಮಕ್ಕಳಿಂದ. ಪ್ಯಾರಿಸಿನ ಪಾದ್ರಿ ಷಾರ್ಲ್ ಮಿಷೆಲ್ ದ ಲೆಪೆ 1760ರ ಸುಮಾರಿಗೆ ಶಾಲೆ ತೆರೆದು, ಕಿವುಡರು ತಮ್ಮತಮ್ಮಲ್ಲಿ ಬಳಸುತ್ತಿದ್ದ ಸನ್ನೆಗಳ ಮೂಲಕವೇ ಪಾಠ ಹೇಳಿದ. ಜರ್ಮನಿಯ ಸಾಮ್ಯುಯೆಲ್ ಹೈನಿಕೆ 1778ರಲ್ಲಿ ಲೈಪ್‌ಸಿಗ್‌ನಲ್ಲಿ ಆರಂಭಿಸಿದ ಶಾಲೆ ಇದಕ್ಕೆ ವಿರುದ್ಧ ದಾರಿ ಹಿಡಿದು, ಮಗುವಿನ ಬಾಯಿಂದ ಮಾತು ಹೊರಡಿಸುವುದನ್ನೇ ಗುರಿ ಮಾಡಿಕೊಂಡಿತು. ಈ ಇಬ್ಬರ ಜಗಳ ಇನ್ನೂ ಮುಗಿದಿಲ್ಲ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ್ದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಮಾತಿನ ಪದ್ಧತಿಯೇ ಮೇಲೆಂದು ಠರಾವು ಮಾಡಿತು. ಅದರ ಬೆನ್ನಲ್ಲೇ ಎಷ್ಟೋ ಶಾಲೆಗಳಲ್ಲಿ ಸನ್ನೆ ನಿಷಿದ್ಧವಾಯಿತು, ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಸನ್ನೆಗೂ ತನ್ನದೇ ವ್ಯಾಕರಣವಿದೆ, ಅದು ಪೂರ್ಣ ಪ್ರಮಾಣದ ಭಾಷೆ ಎಂದು ಅಮೆರಿಕದ ವಿಲಿಯಂ ಸ್ಟೋಕೊ ತೋರಿಸಿದ್ದು 1960ರಲ್ಲಿ. ಮಿಲಾನಿನ ಠರಾವಿಗೆ ವಿಷಾದ ಸೂಚಿಸಲು ಅದೇ ಸಮ್ಮೇಳನಕ್ಕೆ 130 ವರ್ಷ ಬೇಕಾಯಿತು. 2010ರ ವ್ಯಾಂಕೂವರ್ ಅಧಿವೇಶನದಲ್ಲಿ ಅದು ಆ ಕೆಲಸ ಮಾಡಿತು.

ಅಂಧ ಮಕ್ಕಳಿಗಾಗಿ ವ್ಯಾಲಂಟೀನ್ ಆಯಿ 1785ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿಸಿದ ಶಾಲೆಯಲ್ಲಿ, ಮಾಮೂಲಿ ರೋಮನ್ ಅಕ್ಷರಗಳನ್ನೇ ಉಬ್ಬಾಗಿ ಅಚ್ಚೊತ್ತಿ ಬೆರಳಿಂದ ಓದಿಸುತ್ತಿದ್ದರು. ಓದುವುದು ನಿಧಾನ, ಬರೆಯುವುದಂತೂ ಅಸಾಧ್ಯ. ಅಲ್ಲಿಯ ವಿದ್ಯಾರ್ಥಿಯೇ ಆಗಿದ್ದ ಲೂಯಿ ಬ್ರೈಲ್ 15ರ ವಯಸ್ಸಿನಲ್ಲಿ, 1824ರಲ್ಲಿ, ಆರು ಚುಕ್ಕೆಗಳ ಲಿಪಿ ಕಟ್ಟಿದ. 1829ರಲ್ಲಿ ಅದು ಪ್ರಕಟವಾಯಿತು. ಕಣ್ಣಿನ ಲಿಪಿಯನ್ನು ಬೆರಳಿಗೆ ಒಪ್ಪಿಸುವ ಬದಲು ಬೆರಳಿಗೆಂದೇ ಹೊಸ ಲಿಪಿ ಮಾಡಿದ್ದು ಅವನ ಹಿರಿಮೆ.

ಬೌದ್ಧಿಕ ಅಸಾಮರ್ಥ್ಯದ ಮಕ್ಕಳ ಶಿಕ್ಷಣದ ಬೇರು ಒಂದು ಸೋಲಿನಲ್ಲಿದೆ. 1800ರಲ್ಲಿ ಫ್ರಾನ್ಸಿನ ಅವೆರೋನ್ ಕಾಡಿನ ಬಳಿ ಸಿಕ್ಕ, ಮಾತು ಬಾರದ ಸುಮಾರು 12 ವರ್ಷದ ಹುಡುಗನನ್ನು ವೈದ್ಯ ಇಟಾರ್ ತನ್ನ ಬಳಿ ಇಟ್ಟುಕೊಂಡು, ವಿಕ್ಟರ್ ಎಂದು ಹೆಸರಿಟ್ಟು ಐದು ವರ್ಷ ಕಲಿಸಿದ. ಹುಡುಗ ಮಾತು ಕಲಿಯಲಿಲ್ಲ. ಆದರೆ ಇಂದ್ರಿಯಗಳನ್ನು ಒಂದೊಂದಾಗಿ ತರಬೇತುಗೊಳಿಸುವ, ಆಕಾರ ಬಣ್ಣಗಳನ್ನು ಕೈಯಾರೆ ಹೊಂದಿಸಿ ಕಲಿಯುವ ಆಟಿಕೆಗಳು ಉಳಿದವು. ಶಿಷ್ಯ ಎಡ್ವರ್ಡ್ ಸೆಗ್ವಾ ಅವನ್ನು ಪದ್ಧತಿಯಾಗಿ ಬೆಳೆಸಿದ. ಇಟಲಿಯ ಮರಿಯಾ ಮಾಂಟೆಸೊರಿ ಇಬ್ಬರ ಬರಹಗಳನ್ನೂ ಓದಿ, ಮೊದಲು ರೋಮಿನ ಹಿಂದುಳಿದ ಮಕ್ಕಳ ಶಾಲೆಯಲ್ಲಿ, ಆಮೇಲೆ 1907ರಲ್ಲಿ ತಾವೇ ತೆರೆದ ಶಿಶುಮಂದಿರದಲ್ಲಿ ಪ್ರಯೋಗಿಸಿದರು. ಈಗ ನಗರಗಳ ಶಿಶುವಿಹಾರಗಳಲ್ಲಿ ಹೆಚ್ಚು ಶುಲ್ಕ ಕೊಟ್ಟು ಕಲಿಸುವ ಮಾಂಟೆಸೊರಿ ಸಾಮಗ್ರಿಯ ಅಜ್ಜ, ‘ಇವನಿಗೆ ಕಲಿಸಲಾಗದು’ ಎಂದು ಲೋಕ ಕೈಬಿಟ್ಟಿದ್ದ ಒಬ್ಬ ಹುಡುಗನಿಗಾಗಿ ಮಾಡಿದ ಸಾಮಗ್ರಿ.

ಆಲ್ಫ್ರೆಡ್ ಬಿನೆ 1905ರಲ್ಲಿ ಸಿದ್ಧಪಡಿಸಿದ ಬುದ್ಧಿಮಾಪನ ಪರೀಕ್ಷೆಯ ಉದ್ದೇಶವೂ ಹೆಚ್ಚಿನ ನೆರವು ಬೇಕಾದ ಶಾಲಾ ಮಕ್ಕಳನ್ನು ಗುರುತಿಸುವುದಷ್ಟೇ ಆಗಿತ್ತು. ಬುದ್ಧಿ ಹುಟ್ಟಿನಿಂದ ನಿಗದಿಯಾದ ಮೊತ್ತವೆಂಬ ವಾದವನ್ನು ಬಿನೆ ಒಪ್ಪುತ್ತಿರಲಿಲ್ಲ. ಅವನ ತರುವಾಯ ಬಂದವರು ಅಂಕಿಯನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಕೈಬಿಟ್ಟರು. ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ವಿ. ವಿ. ಕಾಮತ್ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಭಾರತದ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. 1943ರಲ್ಲಿ ಲಿಯೊ ಕ್ಯಾನರ್ ಆಟಿಸಂ ಅನ್ನು ವಿವರಿಸಿದ. ಬುದ್ಧಿ ಚುರುಕಾಗಿದ್ದೂ ಓದುಬರಹ ಹತ್ತದಿರುವುದಕ್ಕೆ 1963ರಲ್ಲಿ ಸ್ಯಾಮ್ಯುಯೆಲ್ ಕರ್ಕ್ ‘ಕಲಿಕಾ ನ್ಯೂನತೆ’ ಎಂಬ ಹೆಸರನ್ನು ಬಳಕೆಗೆ ತಂದ.

ಭಾರತದಲ್ಲಿ ಮೊದಲ ಶಾಲೆಗಳು ಬಹುಮಟ್ಟಿಗೆ ಮಿಷನರಿಗಳವು. ಮುಂಬೈಯಲ್ಲಿ 1885ರ ಸುಮಾರಿಗೆ ಕಿವುಡರ ಶಾಲೆ, 1887ರಲ್ಲಿ ಅಮೃತಸರದಲ್ಲಿ ಆ್ಯನಿ ಶಾರ್ಪ್ ತೆರೆದ ಅಂಧರ ಶಾಲೆ, 1893ರಲ್ಲಿ ಕಲ್ಕತ್ತೆಯ ಕಿವುಡರ ಶಾಲೆ ಕ್ರಮವಾಗಿ ಬಂದವು. ಮೈಸೂರಿನ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರದು. ಉತ್ತರ ಕರ್ನಾಟಕದಲ್ಲಿ ಇದಕ್ಕಿಂತ ತೀರ ಬೇರೆಯಾದ, ಮಠದ ಅನ್ನ ಮತ್ತು ಸಂಗೀತದ ಗುರುಕುಲವನ್ನು ಆಧರಿಸಿದ ಪರಂಪರೆಯೊಂದು ಬೆಳೆಯಿತು. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮತ್ತು ಅನಾಥ ಮಕ್ಕಳಿಗೆ ಊಟ, ವಸತಿ, ವಿದ್ಯೆ ಮೂರನ್ನೂ ಕೊಟ್ಟರು. ಕಣ್ಣಿದ್ದವರೂ ಅಲ್ಲಿ ಕಲಿತರು. ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಶೈಶವದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914-2010) ಆಶ್ರಮವನ್ನು ದೊಡ್ಡದು ಮಾಡಿದರು, ನಾಟಕ ಕಂಪನಿ ಕಟ್ಟಿ ಅದನ್ನು ಸಾಕಿದರು. ಅಂಧರು ಅಂಧರಿಗೆ ಗುರುವಾಗಿ, ಕಣ್ಣಿದ್ದವರೂ ಅವರ ಬಳಿ ಕೂತು ಕಲಿತ ಈ ವ್ಯವಸ್ಥೆಗೆ ‘ಸಮನ್ವಯ ಶಿಕ್ಷಣ’ ಎಂಬ ಹೆಸರು ಯಾರೂ ಇಡಲಿಲ್ಲ. ಸಂಗೀತವನ್ನು ಬಿಟ್ಟರೆ ಬೇರೆ ದಾರಿ ಅಲ್ಲಿ ಕಡಿಮೆ ಇತ್ತೆಂಬುದೂ ನಿಜ.

ಸ್ವಾತಂತ್ರ್ಯಾನಂತರ ಕರ್ನಾಟಕದಲ್ಲಿ ಸಂಸ್ಥೆಗಳು ಹೆಚ್ಚಿದವು. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ 1959ರಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ (ಎಪಿಡಿ), 1969ರ ರಮಣ ಮಹರ್ಷಿ ಅಂಧರ ಅಕಾಡೆಮಿ, ಸ್ಪಾಸ್ಟಿಕ್ಸ್ ಸೊಸೈಟಿ, 1997ರ ಸಮರ್ಥನಂ ಹೆಸರಾದವು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತು ಮತ್ತು ಶ್ರವಣ ದೋಷಗಳ ಚಿಕಿತ್ಸೆ, ತರಬೇತಿ, ಸಂಶೋಧನೆಗಳಲ್ಲಿ ದೇಶಕ್ಕೇ ಮುಂದು. ಅಲ್ಲಿಯ ಶಾಲಾಪೂರ್ವ ವಿಭಾಗದಲ್ಲಿ ಮಕ್ಕಳ ಜೊತೆಗೆ ತಾಯಂದಿರನ್ನೂ ಕೂರಿಸಿ ಕಲಿಸುತ್ತಾರೆ. ವಾರಕ್ಕೆ ಕೆಲವು ಗಂಟೆ ಕಾಣುವ ಚಿಕಿತ್ಸಕರಿಗಿಂತ ದಿನವಿಡೀ ಮಾತಾಡುವ ತಾಯಿಯೇ ಮಗುವಿನ ಮೊದಲ ಭಾಷಾ ಶಿಕ್ಷಕಿ ಎಂಬುದು ಇದರ ಆಧಾರ.

ಗುರುತಿಸುವಿಕೆ

2011ರ ಜನಗಣತಿಯಂತೆ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಆಗ ಎಣಿಸಿದ್ದು ಎಂಟು ಬಗೆಯ ಅಂಗವೈಕಲ್ಯಗಳನ್ನು ಮಾತ್ರ. ಕಲಿಕಾ ನ್ಯೂನತೆ, ಆಟಿಸಂ ಮುಂತಾದವಕ್ಕೆ ಪ್ರತ್ಯೇಕ ಕಲಮು ಇರಲಿಲ್ಲ. ಹೀಗಾಗಿ ಶಾಲೆಗೆ ಸಂಬಂಧಿಸಿದ ಸಂಖ್ಯೆ ಇದಕ್ಕಿಂತ ದೊಡ್ಡದಿರಲೇಬೇಕು.

ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ವೈದ್ಯರ ತಂಡ ಅಂಗನವಾಡಿ ಮತ್ತು ಶಾಲೆಗಳಿಗೆ ಹೋಗಿ ನೋಡುತ್ತದೆ, ಬೇಕಾದವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತದೆ. ಬೇಗ ಪತ್ತೆಯಾಗುವುದರ ಬೆಲೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಶ್ರವಣದೋಷದಲ್ಲಿ. ಭಾಷೆ ತಾನಾಗಿ ಕುದುರುವ ಮೊದಲ ಮೂರು ನಾಲ್ಕು ವರ್ಷ ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಸಮಾಧಾನದಲ್ಲಿ ಕಳೆದುಹೋದರೆ, ಆಮೇಲೆ ಎಷ್ಟು ದುಬಾರಿ ಯಂತ್ರ ತಂದರೂ ಆ ಕಾಲ ಹಿಂದಿರುಗದು. ಇತ್ತ ಕಲಿಕಾ ನ್ಯೂನತೆ ಶಾಲೆಗೆ ಸೇರಿದ ಮೇಲೆಯೇ ತಲೆದೋರುವಂಥದು. ಎಂಟು ವರ್ಷಕ್ಕೆ ಮೊದಲು ಅದರ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅದರ ಪತ್ತೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳು ದೇಶದಾದ್ಯಂತ ಬಳಕೆಯಲ್ಲಿವೆ.

ಯಾವ ಪರೀಕ್ಷೆಗೂ ಮೊದಲು ಗಮನಿಸುವವರು ತರಗತಿಯ ಶಿಕ್ಷಕರು. ಕರಿಹಲಗೆಯ ಬರಹವನ್ನು ಪಕ್ಕದವನ ಪುಸ್ತಕ ನೋಡಿಯೇ ಇಳಿಸಿಕೊಳ್ಳುವ ಮಗುವಿಗೆ ಕನ್ನಡಕ ಸಾಕಾಗಬಹುದು. ಹಿಂದಿನಿಂದ ಕರೆದರೆ ತಿರುಗದ, ಮುಂದೆ ನಿಂತು ಹೇಳಿದರೆ ಮಾಡುವ ಮಗುವಿನ ಕಿವಿ ಸೋರುತ್ತಿರಬಹುದು. ಇವೆರಡೂ ‘ದಡ್ಡ’ ಎಂಬ ಒಂದೇ ಹಣೆಪಟ್ಟಿಯಡಿ ಹಿಂದಿನ ಸಾಲಿಗೆ ಹೋಗುವುದು ಅಪರೂಪವಲ್ಲ.

ಕಲಿಸುವ ವಿಧಾನಗಳು

ಶ್ರವಣದೋಷ: ಕಿವುಡ ಮಗುವಿಗೆ ಮೊದಲು ಬೇಕಾದ್ದು ಒಂದು ಪೂರ್ಣ ಭಾಷೆ. ಶ್ರವಣಯಂತ್ರ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಬೇಗ ಸಿಕ್ಕ ಮಕ್ಕಳು ಕೇಳಿ ಮಾತು ಕಲಿಯಬಲ್ಲರು; ಉಳಿದವರಿಗೆ ಸನ್ನೆ ಭಾಷೆ ಆ ಸ್ಥಾನ ತುಂಬುತ್ತದೆ. ತುಟಿಯೋದು ಮಾತ್ರ ಸಾಕೆನ್ನುವವರು ‘ಬರ’, ‘ಮರ’, ‘ಪರ’ ಎಂಬ ಮೂರು ಪದಗಳನ್ನು ಕನ್ನಡಿಯ ಮುಂದೆ ದನಿಯಿಲ್ಲದೆ ಹೇಳಿ ನೋಡಬಹುದು: ತುಟಿಯ ಚಲನೆ ಮೂರಕ್ಕೂ ಒಂದೇ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ, ಕ್ರಿಯಾಪದದ ಲಿಂಗ ವಚನ ಎಲ್ಲ ಪದದ ಕೊನೆಯಲ್ಲಿ, ದನಿ ತಗ್ಗುವ ಕಡೆ ಬರುವುದರಿಂದ ಕಿವುಡ ಮಕ್ಕಳ ಬರಹದಲ್ಲಿ ಮೊದಲು ಕೈಕೊಡುವುದು ಅವೇ. ಅವನ್ನು ಬರಹದ ಮೂಲಕ, ಕಣ್ಣಿಗೆ ಕಾಣುವಂತೆ ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ದೆಹಲಿ, ಮುಂಬೈ, ಕಲ್ಕತ್ತ, ಬೆಂಗಳೂರು ನಗರಗಳ ಸನ್ನೆಗಳನ್ನು 1970ರ ದಶಕದಲ್ಲಿ ಸಂಗ್ರಹಿಸಿದ ವಿದ್ವಾಂಸರಿಗೆ ಪದಗಳಲ್ಲಿ ವ್ಯತ್ಯಾಸವಿದ್ದರೂ ವ್ಯಾಕರಣ ಬಹುಮಟ್ಟಿಗೆ ಒಂದೇ ಎಂದು ಕಂಡಿತು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. 2018ರಲ್ಲಿ 3,000 ಪದಗಳೊಂದಿಗೆ ಹೊರಬಂದ ಅದರ ನಿಘಂಟು ಈಗ 10,000 ಪದಗಳನ್ನು ದಾಟಿದೆ.

ದೃಷ್ಟಿದೋಷ: ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು, ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಒಂದೇ ಚುಕ್ಕೆಗಳು. ಕನ್ನಡ ಬ್ರೈಲ್‌ನಲ್ಲಿ ಕಾಗುಣಿತದ ಗುಡಿಸು ಕೊಂಬುಗಳಿಲ್ಲ, ಕೆಳಗೆ ಬರೆಯುವ ಒತ್ತುಗಳೂ ಇಲ್ಲ. ವ್ಯಂಜನದ ಮುಂದೆ ಸ್ವರ, ಉಚ್ಚಾರವಾದ ಕ್ರಮದಲ್ಲೇ ಸಾಲಾಗಿ ಬರುತ್ತದೆ. ‘ಸೂರ್ಯ’ ಎಂಬುದು ಸ, ಊ, ಅರ್ಧಾಕ್ಷರದ ಚುಕ್ಕೆ, ರ, ಯ ಎಂದು ಐದು ಕೋಶಗಳಾಗುತ್ತದೆ. ಬರೆಯುವಾಗ ಹಲಗೆಯ ಮೇಲೆ ಬಲದಿಂದ ಎಡಕ್ಕೆ ಮೊಳೆಯಿಂದ ಚುಚ್ಚಿ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತಾರೆ. ಲೆಕ್ಕಕ್ಕೆ ಟೇಲರ್ ಚೌಕಟ್ಟು ಮತ್ತು ಮಣಿಚೌಕಟ್ಟು ಇವೆ. ಕನ್ನಡವನ್ನು ಓದಿ ಹೇಳುವ ತಂತ್ರಾಂಶ ಬಂದ ಮೇಲೆ ಮೊಬೈಲು, ಕಂಪ್ಯೂಟರುಗಳಿಂದ ಓದು ಸುಲಭವಾಗಿದೆ. ಆದರೆ ಕೇವಲ ಕೇಳಿ ಕಲಿತವರಿಗೆ ಕಾಗುಣಿತ ನಿಲ್ಲುವುದಿಲ್ಲವಾದ್ದರಿಂದ ಬ್ರೈಲ್ ಕೈಬಿಡುವಂತಿಲ್ಲ. ಅಂಧ ಶಾಲೆ ಎಂದಾಗ ಮರೆತುಹೋಗುವವರು ಮಂದದೃಷ್ಟಿಯವರು. ಅವರಿಗೆ ದಪ್ಪ ಅಕ್ಷರ, ಕಿಟಕಿಯ ಬೆಳಕು ಹಿಂದಿನಿಂದ ಬೀಳುವಂತೆ ಆಸನ, ಭೂತಗನ್ನಡಿ ಇಷ್ಟಿದ್ದರೆ ಅಚ್ಚಿನ ಪುಸ್ತಕವೇ ಸಾಕು.

ಬೌದ್ಧಿಕ ಅಸಾಮರ್ಥ್ಯ: ಇಲ್ಲಿ ಪಠ್ಯಕ್ಕಿಂತ ಬದುಕಿನ ಕೌಶಲಗಳಿಗೆ ಆದ್ಯತೆ. ಕೆಲಸವನ್ನು ಸಣ್ಣಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸುತ್ತಾರೆ. ಅಂಗಿ ಹಾಕಿಕೊಳ್ಳುವುದನ್ನು ಕಲಿಸುವಾಗ ಉಳಿದೆಲ್ಲವನ್ನೂ ಶಿಕ್ಷಕಿಯೇ ಮಾಡಿ ಕೊನೆಯ ಗುಂಡಿಯೊಂದನ್ನು ಮಗುವಿಗೆ ಬಿಡುತ್ತಾರೆ. ಅದು ಬಂದ ಮೇಲೆ ಕೊನೆಯ ಎರಡು ಗುಂಡಿ, ಆಮೇಲೆ ಮೂರು. ಹಿಂದಿನಿಂದ ಮುಂದಕ್ಕೆ ಬರುವ ಈ ಕ್ರಮದಲ್ಲಿ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದಾಗುತ್ತದೆ. ನೋಟು ನಾಣ್ಯ ಗುರುತಿಸುವುದು, ಬಸ್ಸಿನ ಬೋರ್ಡು ಓದುವುದು, ಗಡಿಯಾರ ನೋಡುವುದು ಇಲ್ಲಿಯ ಗಣಿತ ಮತ್ತು ಭಾಷೆ.

ಆಟಿಸಂ ಇರುವ ಮಕ್ಕಳಿಗೆ ಮುಂದೇನಾಗುತ್ತದೆಂಬುದು ತಿಳಿಯದಿರುವುದೇ ದೊಡ್ಡ ತಳಮಳ. ದಿನದ ಕೆಲಸಗಳನ್ನು ಚಿತ್ರಗಳ ಸಾಲಾಗಿ ಗೋಡೆಗೆ ಹಚ್ಚುವುದು, ಸದ್ದುಗದ್ದಲ ಕಡಿಮೆ ಮಾಡುವುದು, ಮಾತು ಬಾರದವರಿಗೆ ಚಿತ್ರದ ಕಾರ್ಡು ಕೊಟ್ಟು ಬೇಕಾದ್ದನ್ನು ಕೇಳಲು ಕಲಿಸುವುದು ಸಾಮಾನ್ಯ ಕ್ರಮಗಳು. ಮಿದುಳಿನ ಪಾರ್ಶ್ವವಾಯುವಿನ ಮಕ್ಕಳಲ್ಲಿ ಬುದ್ಧಿ ಚೆನ್ನಾಗಿದ್ದೂ ಕೈಕಾಲು, ನಾಲಗೆ ಹತೋಟಿಗೆ ಬರುವುದಿಲ್ಲ. ನೆಟ್ಟಗೆ ಕೂರಲು ಆಧಾರವಾಗುವ ಮೂಲೆಕುರ್ಚಿಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ; ಕೈ ಬಿಡುವಾಗಬೇಕಾದರೆ ಮೊದಲು ಬೆನ್ನು ನಿಲ್ಲಬೇಕು. ಗಮನ ನಿಲ್ಲದ ಚಂಚಲ ಮಕ್ಕಳಿಗೆ ಚಿಕ್ಕ ಅವಧಿಯ ಕೆಲಸ, ಮುಂದಿನ ಸಾಲಿನ ಜಾಗ, ಆಗಾಗ ಎದ್ದು ಓಡಾಡಲು ಒಂದು ನೆಪ ಸಹಾಯಕ.

ಓದುಬರಹದ ನ್ಯೂನತೆ: ಇದನ್ನು ಕುರಿತ ತಿಳಿವಳಿಕೆ ಹೆಚ್ಚಾಗಿ ಇಂಗ್ಲಿಷಿನಿಂದ ಬಂದದ್ದು. ಇಂಗ್ಲಿಷಿನಲ್ಲಿ ಬರೆದದ್ದಕ್ಕೂ ಉಚ್ಚಾರಕ್ಕೂ ತಾಳೆಯಿಲ್ಲ. ಕನ್ನಡದಲ್ಲಿ ಬರೆದಂತೆ ಓದು, ಆದ್ದರಿಂದ ತೊಂದರೆಯೇ ಇಲ್ಲ ಎಂಬ ಭಾವನೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಕನ್ನಡದ ಕಷ್ಟ ಬೇರೆ ಕಡೆ ಇದೆ. ವರ್ಣಮಾಲೆಯ 49 ಅಕ್ಷರ ಕಲಿತರೆ ಕೆಲಸ ಮುಗಿಯುವುದಿಲ್ಲ. ಕಾಗುಣಿತ ಮತ್ತು ಒತ್ತಕ್ಷರ ಸೇರಿ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಬೆಂಗಳೂರಿನಲ್ಲಿ ಕನ್ನಡ ಓದಿನ ಮೇಲೆ ಕೆಲಸ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನ ಮೊದಲ ವರ್ಷದಲ್ಲಿ ಪೂರ್ತಿಯಾಗದೆ ಪ್ರಾಥಮಿಕ ತರಗತಿಗಳುದ್ದಕ್ಕೂ ಸಾಗುತ್ತದೆಂದು ತೋರಿಸಿತು.

ತೊಡಕು ಎಲ್ಲೆಲ್ಲಿ ಬೀಳುತ್ತದೆಂಬುದು ಲಿಪಿಯನ್ನೇ ನೋಡಿದರೆ ತಿಳಿಯುತ್ತದೆ. ಹೊಟ್ಟೆ ಸೀಳಿದರೆ ‘ಬ’ ‘ಭ’ ಆಗುತ್ತದೆ, ‘ದ’ ‘ಧ’ ಆಗುತ್ತದೆ. ‘ಪ’ ಮತ್ತು ‘ಷ’, ‘ವ’ ಮತ್ತು ‘ಮ’ ಒಂದು ಗೆರೆಯ ಅಂತರದಲ್ಲಿವೆ. ಒತ್ತುಗಳಲ್ಲಿ ಬಹಳಷ್ಟು ಮೂಲಾಕ್ಷರವನ್ನು ಹೋಲುತ್ತವೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ, ಮತ್ತು ‘ಅಮ್ಮ’, ‘ಅನ್ನ’, ‘ಹತ್ತು’, ‘ಎಲ್ಲ’ ಎಂಬ ತೀರ ಮೊದಲ ಪದಗಳಲ್ಲಿ ಬರುವುದು ಇವೇ. ಅರ್ಕಾವತ್ತಿನಲ್ಲಿ ಕ್ರಮವೇ ತಲೆಕೆಳಗು: ‘ಸೂರ್ಯ’ದಲ್ಲಿ ರಕಾರ ಕೇಳುವುದು ಯಕಾರಕ್ಕೆ ಮೊದಲು, ಬರೆಯುವುದು ಅದರ ನಂತರ. ಬ್ರೈಲ್ ಓದುವ ಮಗುವಿಗೆ ಇಲ್ಲದ ಈ ತೊಡಕು ಕಣ್ಣಿದ್ದವರಿಗೆ ಮಾತ್ರ ಇದೆ. ಉಕ್ತಲೇಖನದಲ್ಲಿ ಒತ್ತು ಬಿಡುವುದು, ದೀರ್ಘ ಬಿಡುವುದು, ಓದುವಾಗ ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುವುದು ಎಲ್ಲ ಮಕ್ಕಳಲ್ಲೂ ಕೆಲಕಾಲ ಕಾಣುತ್ತದೆ. ನಾಲ್ಕು ಐದನೆಯ ತರಗತಿಯಲ್ಲೂ ಅದು ನಿಲ್ಲದೆ, ಬಾಯಿಮಾತಿನಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಮಗು ಸರಿಯುತ್ತರ ಕೊಡುತ್ತಿದ್ದರೆ ನ್ಯೂನತೆಯನ್ನು ಶಂಕಿಸಬೇಕು.

ಪರಿಹಾರ ಬೋಧನೆಯಲ್ಲಿ ಅಕ್ಷರವನ್ನು ಮರಳಿನಲ್ಲಿ ತೀಡಿಸುವುದು, ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸದೆ ನಡುವೆ ವಾರಗಟ್ಟಲೆ ಅಂತರ ಬಿಡುವುದು, ಪದವನ್ನು ಚಪ್ಪಾಳೆಯಿಂದ ಬಿಡಿಸುವುದು ಮುಖ್ಯ. ಕರ್ನಾಟಕದ ನಲಿಕಲಿ ಪದ್ಧತಿ ಇಲ್ಲಿ ಉಲ್ಲೇಖಕ್ಕೆ ಅರ್ಹ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ಇದು ‘ಅ ಆ ಇ ಈ’ ಕ್ರಮವನ್ನು ಬಿಟ್ಟು ಬರೆಯಲು ಸುಲಭವಾದ ‘ರ ಗ ಸ ದ ಅ’ದಿಂದ ತೊಡಗುತ್ತದೆ, ಪ್ರತಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ವಿಶಿಷ್ಟ ಮಕ್ಕಳಿಗೆಂದು ಮಾಡಿದ್ದಲ್ಲವಾದರೂ ಅವರಿಗೆ ಇದರಷ್ಟು ಅನುಕೂಲವಾದ ಸಾಮಾನ್ಯ ಪದ್ಧತಿ ರಾಜ್ಯದಲ್ಲಿ ಇನ್ನೊಂದಿಲ್ಲ. ಮೂರನೆಯ ತರಗತಿಯ ನಂತರ ಏಣಿ ಮುಗಿದು ಎಲ್ಲರಿಗೂ ಒಂದೇ ಪುಸ್ತಕ, ಒಂದೇ ವೇಗ.

ಪ್ರತಿಭಾವಂತರು: ಶ್ರೀನಿವಾಸ ರಾಮಾನುಜನ್ ಗಣಿತದಲ್ಲಿ ಮುಳುಗಿ ಉಳಿದ ವಿಷಯಗಳಲ್ಲಿ ನಪಾಸಾಗಿ ಕಾಲೇಜಿನ ವಿದ್ಯಾರ್ಥಿವೇತನ ಕಳೆದುಕೊಂಡ ಕಥೆ ಪ್ರಸಿದ್ಧ. ಪ್ರತಿಭೆ ಎಲ್ಲ ವಿಷಯಗಳಲ್ಲೂ ಸಮವಾಗಿ ಹರಡಿರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಥವರನ್ನು ಮೇಲಿನ ತರಗತಿಗೆ ಏರಿಸುವುದು, ಅಥವಾ ಅದೇ ತರಗತಿಯಲ್ಲಿಟ್ಟು ಆಳವಾದ ಕೆಲಸ ಕೊಡುವುದು ಎಂದು ಎರಡು ದಾರಿಗಳಿವೆ. 1986ರ ರಾಷ್ಟ್ರೀಯ ನೀತಿಯ ಫಲವಾದ ನವೋದಯ ವಿದ್ಯಾಲಯಗಳು ಹಳ್ಳಿಯ ಪ್ರತಿಭೆಗೆ ವಸತಿ ಶಾಲೆ ಒದಗಿಸಿದವು; ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ನಿಯಾಸ್) ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಕ್ರಮಗಳ ಮೇಲೆ ಕೆಲಸ ಮಾಡಿದೆ. ಪ್ರತಿಭೆ ಮತ್ತು ನ್ಯೂನತೆ ಎರಡೂ ಇರುವ ಮಕ್ಕಳಲ್ಲಿ ಒಂದು ಇನ್ನೊಂದನ್ನು ಮುಚ್ಚಿಬಿಡುವುದರಿಂದ ಅವರು ಯಾವ ಪಟ್ಟಿಗೂ ಸೇರದೆ ಹೋಗುತ್ತಾರೆ.

ಎಲ್ಲಿ ಕಲಿಸಬೇಕು

ಪ್ರತ್ಯೇಕ ಶಾಲೆ, ಸಾಮಾನ್ಯ ಶಾಲೆಯಲ್ಲೇ ಸಂಪನ್ಮೂಲ ಕೊಠಡಿಯ ನೆರವಿನ ಸಮನ್ವಯ ಶಿಕ್ಷಣ, ಶಾಲೆಯೇ ಮಗುವಿಗೆ ತಕ್ಕಂತೆ ಬದಲಾಗುವ ಸಮಾವೇಶಿ ಶಿಕ್ಷಣ ಎಂದು ಮೂರು ವ್ಯವಸ್ಥೆಗಳು. ಭಾರತದಲ್ಲಿ ಕೊಠಾರಿ ಆಯೋಗ (1964-66) ಸಾಧ್ಯವಾದಷ್ಟೂ ಸಾಮಾನ್ಯ ಶಾಲೆಯಲ್ಲೇ ಕಲಿಸಬೇಕೆಂದಿತು. 1974ರಲ್ಲಿ ಅದಕ್ಕಾಗಿ ಕೇಂದ್ರದ ಯೋಜನೆ ಬಂತು. ಬ್ರಿಟನ್ನಿನ ವಾರ್ನಾಕ್ ವರದಿ (1978) ರೋಗದ ಹೆಸರಿನ ಬದಲು ಅಗತ್ಯದ ಹೆಸರಿನಲ್ಲಿ ಮಕ್ಕಳನ್ನು ಕರೆಯಲು ಸೂಚಿಸಿತು. 1994ರಲ್ಲಿ ಸ್ಪೇನಿನ ಸಲಮಾಂಕದಲ್ಲಿ 92 ಸರ್ಕಾರಗಳು ಸಮಾವೇಶಿ ಶಿಕ್ಷಣದ ಘೋಷಣೆಗೆ ಒಪ್ಪಿದವು.

ತತ್ವದ ಮಟ್ಟದಲ್ಲಿ ವಾದ ತೀರ್ಮಾನವಾದಂತಿದೆ, ಆಚರಣೆಯಲ್ಲಿ ಇಲ್ಲ. ಸನ್ನೆ ಬಲ್ಲವರು ಒಬ್ಬರೂ ಇಲ್ಲದ ಹಳ್ಳಿಶಾಲೆಯಲ್ಲಿ ಕೂತ ಕಿವುಡ ಮಗು ಹಾಜರಿ ಪುಸ್ತಕದಲ್ಲಿ ಸೇರಿಕೊಂಡಿದೆಯೇ ಹೊರತು ಪಾಠದಲ್ಲಿ ಅಲ್ಲ. ಕಿವುಡರ ಸಂಘಗಳು ಹಲವು ಕಡೆ ಪ್ರತ್ಯೇಕ ಶಾಲೆಯ ಪರ ನಿಂತಿರುವುದು ಇದರಿಂದಲೇ: ಅವರಿಗೆ ಅದು ಭಾಷೆ ಸಿಗುವ ತಾಣ. ಚಲನೆಯ ತೊಡಕಷ್ಟೇ ಇರುವ ಮಗುವನ್ನು ಇಳಿಜಾರು ದಾರಿ, ಬಳಸಲು ಬರುವ ಶೌಚಾಲಯ ಇಲ್ಲವೆಂಬ ಕಾರಣಕ್ಕೆ ದೂರದ ವಿಶೇಷ ಶಾಲೆಗೆ ಕಳಿಸುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಎಲ್ಲಿ ಕಲಿತರೂ ಪ್ರತಿ ಮಗುವಿಗೊಂದು ವೈಯಕ್ತಿಕ ಶಿಕ್ಷಣ ಯೋಜನೆ ಬೇಕೆಂಬುದು ಅಮೆರಿಕದ 1975ರ ಕಾನೂನಿನಿಂದ ಹರಡಿದ ಪದ್ಧತಿ. ಮಗು ಈಗ ಏನು ಬಲ್ಲದು, ವರ್ಷದೊಳಗೆ ಏನು ಕಲಿಯಬೇಕು, ಯಾರು ಹೇಗೆ ಕಲಿಸುತ್ತಾರೆ, ಕಲಿತದ್ದನ್ನು ಹೇಗೆ ತಿಳಿಯುವುದು ಎಂಬುದನ್ನು ಪೋಷಕರ ಜೊತೆ ಕೂತು ಬರೆಯುತ್ತಾರೆ. ‘ಓದು ಸುಧಾರಿಸಬೇಕು’ ಎಂಬುದು ಗುರಿಯಲ್ಲ. ‘ಒತ್ತಿಲ್ಲದ ಮೂರಕ್ಷರದ ಹತ್ತು ಪದಗಳಲ್ಲಿ ಎಂಟನ್ನು ತಪ್ಪಿಲ್ಲದೆ ಓದುವುದು’ ಎಂಬುದು ಗುರಿ.

ಕಾನೂನು ಮತ್ತು ಆಡಳಿತ

1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯಿದೆ ವಿಶೇಷ ಶಿಕ್ಷಕರ ತರಬೇತಿ ಮತ್ತು ನೋಂದಣಿಯನ್ನು ನಿಯಂತ್ರಿಸುತ್ತದೆ. 1995ರ ಅಂಗವಿಕಲರ ಕಾಯಿದೆ 18 ವರ್ಷದವರೆಗೆ ಉಚಿತ ಶಿಕ್ಷಣದ ಮಾತು ಆಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿ, ತೀವ್ರ ಮತ್ತು ಬಹುವಿಧ ನ್ಯೂನತೆಯ ಮಕ್ಕಳು ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಕೊಟ್ಟಿತು. ಈಗ ಜಾರಿಯಲ್ಲಿರುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಕಲಿಕಾ ನ್ಯೂನತೆಯನ್ನೂ ಒಳಗೊಂಡಿತು. ಶೇ. 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ತನ್ನ ಆಯ್ಕೆಯಂತೆ ಉಚಿತವಾಗಿ ಕಲಿಯಬಹುದು. ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬುದು ಯಾವ ಕಾಯಿದೆಯಲ್ಲೂ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯ 2021ರ ಅಕ್ಟೋಬರ್‌ನಲ್ಲಿ, ಸರ್ಕಾರ ನಿಯಮ ಮಾಡುವವರೆಗೆ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೊಬ್ಬರು ಇರಬೇಕೆಂದು ಸೂಚಿಸಿತು.

ಕರ್ನಾಟಕದಲ್ಲಿ ಈ ಹೊಣೆ ಎರಡು ಇಲಾಖೆಗಳ ನಡುವೆ ಹಂಚಿಹೋಗಿದೆ. ವಿಶೇಷ ಶಾಲೆಗಳು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿವೆ; ಬಹುಪಾಲು ಶಾಲೆಗಳನ್ನು ನಡೆಸುವುದು ಸ್ವಯಂಸೇವಾ ಸಂಸ್ಥೆಗಳು, ಅನುದಾನ ಸರ್ಕಾರದ್ದು. ಸಾಮಾನ್ಯ ಶಾಲೆಗಳಲ್ಲಿರುವ ವಿಶಿಷ್ಟ ಮಕ್ಕಳು ಶಾಲಾ ಶಿಕ್ಷಣ ಇಲಾಖೆಗೆ ಸೇರುತ್ತಾರೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಬಿಐಇಆರ್‌ಟಿ ಎಂಬ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ವೈದ್ಯಕೀಯ ತಪಾಸಣಾ ಶಿಬಿರ ನಡೆಸುತ್ತಾರೆ, ಸಲಕರಣೆ ಹಂಚುತ್ತಾರೆ, ಶಾಲೆಗೆ ಬರಲಾಗದವರ ಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುತ್ತಾರೆ. ಒಂದು ತಾಲ್ಲೂಕಿನ ಹಳ್ಳಿಗಳನ್ನು ಕೆಲವೇ ಮಂದಿ ಸುತ್ತಬೇಕಾದಾಗ ಒಂದೊಂದು ಮನೆಗೆ ಸಿಗುವ ಹೊತ್ತು ಎಷ್ಟೆಂದು ಯಾರಾದರೂ ಲೆಕ್ಕ ಹಾಕಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿ, ಮಾಸಾಶನಗಳ ಕೆಲಸ ನೋಡಿಕೊಳ್ಳುತ್ತಾರೆ. ಇವರಲ್ಲಿ ಬಹುಮಂದಿ ಸ್ವತಃ ಅಂಗವಿಕಲರು.

ಪರೀಕ್ಷೆಗಳಲ್ಲಿ ಬರಹಗಾರರ ನೆರವು, ಭಾಷಾ ವಿನಾಯಿತಿ, ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳಿವೆ. ರಿಯಾಯಿತಿಗೆ ಪ್ರಮಾಣಪತ್ರ ಬೇಕು. ಅದನ್ನು ಎಸ್ಸೆಸ್ಸೆಲ್ಸಿ ಅರ್ಜಿಯ ಹೊತ್ತಿಗೆ ಹುಡುಕಿಕೊಂಡು ಹೊರಡುವ ಕುಟುಂಬಗಳೇ ಹೆಚ್ಚು. ಬರಹಗಾರರು ಸಿಕ್ಕರೆ ಸಾಲದು, ಬಾಯಲ್ಲಿ ಹೇಳಿ ಬರೆಸುವುದೂ ಒಂದು ಕೌಶಲ. ವರ್ಷವಿಡೀ ಅಭ್ಯಾಸ ಮಾಡಿದವರಿಗೆ ಮಾತ್ರ ಅದು ಪರೀಕ್ಷೆಯ ದಿನ ಒದಗುತ್ತದೆ.

18 ವರ್ಷದ ನಂತರ ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ಮತ್ತು ಪ್ರವೇಶಕ್ಕೆ ಐದು ವರ್ಷಗಳ ವಯೋಮಿತಿ ಸಡಿಲಿಕೆ, ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ಇದೆ. ಬೌದ್ಧಿಕ ಅಸಾಮರ್ಥ್ಯವುಳ್ಳವರಲ್ಲಿ ಹೆಚ್ಚಿನವರು ವಿಶೇಷ ಶಾಲೆಗಳಿಗೇ ಅಂಟಿಕೊಂಡ ವೃತ್ತಿ ತರಬೇತಿ ಘಟಕಗಳಲ್ಲಿ ಕಾಗದದ ಲಕೋಟೆ, ಮೇಣದಬತ್ತಿ, ಊದುಬತ್ತಿ ಮಾಡುತ್ತ ಉಳಿಯುತ್ತಾರೆ. ಇವರ ವಿಷಯದಲ್ಲಿ ತಂದೆತಾಯಿಗಳ ಕಾಲಾನಂತರದ ಪ್ರಶ್ನೆಯೂ ಶಿಕ್ಷಣದ ಭಾಗವೇ ಆಗುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯದವರಿಗೆ ಅನ್ವಯಿಸುತ್ತದೆ. ವಯಸ್ಸಿಗೆ ಬಂದ ಇಂಥ ವ್ಯಕ್ತಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಗಿದೆ. ಹೆತ್ತವರೇ ಆದರೂ ಮಗುವಿಗೆ 18 ತುಂಬಿದ ಮೇಲೆ ಈ ಸಮಿತಿಗೆ ಅರ್ಜಿ ಹಾಕಿಯೇ ಪಾಲಕರಾಗಬೇಕು. ಅದೇ ಕಾಯಿದೆಯಡಿಯ ನಿರಾಮಯ ಯೋಜನೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ನೀಡುತ್ತದೆ, ಚಿಕಿತ್ಸಾ ತರಬೇತಿಯ ವೆಚ್ಚವೂ ಅದರಲ್ಲಿ ಸೇರಿದೆ.